ಹೆಸರಿಡುವವನ ಹೊಣೆ



ವಸ್ತುವೊಂದನ್ನು ಕಂಡೊಡನೆ ಮನುಷ್ಯನು ಮಾಡುವ ಮೊದಲ ಕೆಲಸ ಅದಕ್ಕೊಂದು ಹೆಸರಿಡುವುದು. ಎರಡನೆಯದು, ಅದು ಯಾವ ಗುಂಪಿಗೆ ಸೇರಿದುದೆಂದು ಗೊತ್ತುಪಡಿಸುವುದು. ಈ ಎರಡು ಕೆಲಸಗಳಿಲ್ಲದೆ ಲೋಕವ್ಯವಹಾರವು ಒಂದು ದಿನವೂ ಸಾಗದು. ತೊಟ್ಟಿಲ ಕೂಸಿಗೆ ಹೆಸರು ಬೇಕು, ಹೊಲಕ್ಕೆ ಸರ್ವೆ ನಂಬರು ಬೇಕು, ಮಂಡಿಗೆ ಬಂದ ಅಡಿಕೆಗೆ ದರ್ಜೆ ಬೇಕು, ಭಂಡಾರದ ಗ್ರಂಥಕ್ಕೆ ವಿಷಯವಿಂಗಡಣೆ ಬೇಕು. ಆದರೆ ಹೀಗೆ ಹೆಸರಿಡುವವನಿಗೂ, ವಿಂಗಡಿಸುವವನಿಗೂ ಒಂದು ಹೊಣೆಯುಂಟೆ? ವರ್ಗೀಕರಣವೆಂಬುದು ಬುದ್ಧಿಯ ಕೆಲಸ ಮಾತ್ರವೊ, ಅಥವಾ ಅದರೊಳಗೆ ಧರ್ಮಾಧರ್ಮದ ಪ್ರಶ್ನೆಯೂ ಅಡಗಿದೆಯೊ? ಇದು ಈ ಬಾರಿ ನಾವು ವಿಚಾರಕ್ಕೆ ತೆಗೆದುಕೊಂಡ ವಿಷಯ. ಭೂಮಿಯ ಮೇಲಿನ ಉದಾಹರಣೆಗಳಿಂದಲೇ ಆರಂಭಿಸಿದರೆ ನಮ್ಮ ನಿಮ್ಮ ರಾಗದ್ವೇಷಗಳು ನಡುವೆ ಬಂದು ನಿಲ್ಲುತ್ತವೆ. ಆದಕಾರಣ ಯಾರ ರಾಗದ್ವೇಷಕ್ಕೂ ಎಟುಕದಷ್ಟು ದೂರವಿರುವ ಒಂದು ವಸ್ತುವನ್ನು ಮೊದಲು ನೋಡೋಣ. ಆಮೇಲೆ ಮನೆಗೆ ಹಿಂದಿರುಗೋಣ.

ಕಾರ್ತಿಕ ಮಾಸದ ಕೃಷ್ಣಪಕ್ಷದಲ್ಲಿ, ಚಂದ್ರನು ಮೂಡುವುದಕ್ಕೆ ಮೊದಲು, ರಾತ್ರಿ ಎಂಟು ಒಂಬತ್ತರ ಸುಮಾರಿಗೆ, ಜಗಳೂರು ಸೀಮೆಯ ಯಾವುದಾದರೊಂದು ಹಳ್ಳಿಯ ಹೊರಗೆ ದೀಪಗಳಿಲ್ಲದ ಬಯಲಿನಲ್ಲಿ ಉತ್ತರಕ್ಕೆ ಮುಖಮಾಡಿ ನಿಂತು ತಲೆಯೆತ್ತಿರಿ. ದಿಗಂತಕ್ಕೂ ನೆತ್ತಿಗೂ ನಡುವೆ, ನೆತ್ತಿಗೇ ಹೆಚ್ಚು ಹತ್ತಿರವಾಗಿ, ಮೊನಚಾಗಿ ಮಿನುಗುವ ನಕ್ಷತ್ರಗಳ ನಡುವೆ ಮಸುಕಾದ ಒಂದು ಬಿಳಿಯ ಗುರುತು ಕಾಣುತ್ತದೆ. ಪಾಶ್ಚಾತ್ಯರು ಅದನ್ನು ಆಂಡ್ರೊಮಿಡಾ ಎನ್ನುತ್ತಾರೆ. ದೇವಯಾನಿ ಎಂದೂ ಕರೆಯುವುದುಂಟು. ಅದು ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿರುವ ಸುರುಳಿಯಾಕಾರದ ಗೆಲಾಕ್ಸಿ, ಅಂದರೆ ಕೋಟಿ ಕೋಟಿ ನಕ್ಷತ್ರಗಳ ಒಂದು ಮಹಾಸಮುದಾಯ. ಇಂದು ನಿಮ್ಮ ಕಣ್ಣನ್ನು ಮುಟ್ಟುವ ಅದರ ಬೆಳಕು ಹೊರಟಾಗ ಈ ನೆಲದ ಮೇಲೆ ನಮ್ಮಂತಹ ಮನುಷ್ಯರೇ ಇರಲಿಲ್ಲ.

ಈ ಒಂದು ಮಸುಕು ಗುರುತಿಗೆ ಎಷ್ಟು ಹೆಸರುಗಳು ಬಂದಿವೆಯೆಂಬುದನ್ನು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಕ್ರಿ.ಶ. 964ರಲ್ಲಿಯೇ ಪರ್ಷಿಯಾ ದೇಶದ ಅಲ್ ಸೂಫಿ ಎಂಬ ಖಗೋಳಜ್ಞನು ಅದನ್ನು ಪುಟ್ಟ ಮೋಡವೆಂದು ಗುರುತಿಸಿದ್ದನು. ಎಂಟು ಶತಮಾನಗಳ ಮೇಲೆ, 1764ರಲ್ಲಿ, ಫ್ರಾನ್ಸಿನ ಚಾರ್ಲ್ಸ್ ಮೆಸ್ಸಿಯೆ ಅದನ್ನು ತನ್ನ ಪಟ್ಟಿಯಲ್ಲಿ 31ನೆಯದಾಗಿ ಬರೆದುಕೊಂಡನು. ಇಲ್ಲಿ ಒಂದು ಸ್ವಾರಸ್ಯವಿದೆ. ಮೆಸ್ಸಿಯೆ ಹುಡುಕುತ್ತಿದ್ದುದು ಧೂಮಕೇತುಗಳನ್ನು. ದೂರದರ್ಶಕದಲ್ಲಿ ಧೂಮಕೇತುವಿನಂತೆಯೇ ಮಸುಕಾಗಿ ಕಂಡು, ಆದರೆ ಕದಲದೆ ನಿಂತು, ಮೋಸಗೊಳಿಸುತ್ತಿದ್ದ ವಸ್ತುಗಳನ್ನು ಮತ್ತೆ ನೋಡಿ ಹೊತ್ತು ಕಳೆಯಬಾರದೆಂದು ಅವನು ಪಟ್ಟಿ ಮಾಡಿದನು. ಅಂದರೆ ಅದು ಬೇಡವಾದವುಗಳ ಪಟ್ಟಿ. 1781ರ ಹೊತ್ತಿಗೆ ಅದರಲ್ಲಿ 103 ವಸ್ತುಗಳಿದ್ದವು. ಅವನು ಕಂಡ ಧೂಮಕೇತುಗಳನ್ನು ಇಂದು ನೆನೆಯುವವರು ವಿರಳ. ಅವನು ಬದಿಗೆ ಸರಿಸಿದ ವಸ್ತುಗಳಿಂದಲೇ ಅವನ ಹೆಸರು ಉಳಿದಿದೆ. ನಾವು ಉಪೇಕ್ಷೆಯಿಂದ ಬರೆದಿಟ್ಟ ಸಾಲಿನಲ್ಲಿಯೇ ಮಹತ್ತಾದುದು ಕುಳಿತಿರಬಹುದೆಂಬ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಮೆಸ್ಸಿಯೆಯ ಅನಂತರ ವಿಲಿಯಂ ಹರ್ಷೆಲ್, ಆತನ ತಂಗಿ ಕ್ಯಾರೊಲಿನ್, ಮಗ ಜಾನ್, ಈ ಮೂವರು ಅನೇಕ ವರ್ಷಗಳ ಕಾಲ ರಾತ್ರಿಗಳನ್ನು ಜಾಗರಣೆಯಲ್ಲಿ ಕಳೆದು ಆಕಾಶವನ್ನು ಶೋಧಿಸಿದರು. ಅವರ ಮತ್ತು ಇತರರ ಶೋಧನೆಗಳನ್ನು ಒಟ್ಟುಗೂಡಿಸಿ ಡ್ರೇಯರ್ ಎಂಬ ವಿದ್ವಾಂಸನು 1888ರಲ್ಲಿ 7840 ವಸ್ತುಗಳ ಹೊಸ ಪಟ್ಟಿಯನ್ನು ಪ್ರಕಟಿಸಿದನು. ಅದರ ಹೆಸರಿನ ಮೊದಲಕ್ಷರಗಳಿಂದ ದೇವಯಾನಿಯು ಎನ್‌ಜಿಸಿ 224 ಆಯಿತು. ಸ್ವೀಡನ್ ದೇಶದ ಉಪ್ಸಾಲದಲ್ಲಿ 1973ರಲ್ಲಿ ಸಿದ್ಧವಾದ ಇನ್ನೊಂದು ಪಟ್ಟಿಯಲ್ಲಿ ಅದೇ ವಸ್ತು ಯುಜಿಸಿ 454. ವಿಶ್ವವಿದ್ಯಾಲಯಗಳಲ್ಲಿರುವ ನಮ್ಮ ಮಿತ್ರರು ಈ ಮೂರು ಅಕ್ಷರಗಳನ್ನು ಕಂಡು ಬೇರೆ ಅರ್ಥ ಮಾಡಿಕೊಳ್ಳಬಾರದು!

ಡ್ರೇಯರನ ಪಟ್ಟಿಯಲ್ಲಿ ಸಂಖ್ಯೆಗಳು ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸಾಲಾಗಿ ಸಾಗುತ್ತವೆ. ನಮ್ಮ ಹಳ್ಳಿಯ ಸರ್ವೆ ನಂಬರಿನಂತೆಯೇ ಅದೂ ವಸ್ತುವನ್ನು ಹುಡುಕುವುದಕ್ಕೆ ದಾರಿ ತೋರಿಸುತ್ತದೆ. ಹೊಲ ಎರೆಯೊ ಮಸಾರಿಯೊ, ಒಡೆಯ ಉದಾರಿಯೊ ಜಿಪುಣನೊ ಎಂಬುದನ್ನು ಹೇಳುವುದಿಲ್ಲ. ಹೆಸರು ಬದಲಾದರೆ ವಸ್ತು ಬದಲಾಗುವುದೂ ಇಲ್ಲ. ಚನ್ನಗಿರಿ, ಹೊನ್ನಾಳಿಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯ ಲೆಕ್ಕದಲ್ಲಿದ್ದವು. ಜಗಳೂರು ಚಿತ್ರದುರ್ಗದ ಲೆಕ್ಕದಲ್ಲಿತ್ತು. ಆ ವರ್ಷ ದಾವಣಗೆರೆ ಜಿಲ್ಲೆಯು ರಚನೆಯಾದಾಗ ಮೂರೂ ಒಂದೇ ಪಟ್ಟಿಗೆ ಬಂದವು. ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದ ನ್ಯಾಮತಿಯು ಈಚಿನ ವರ್ಷಗಳಲ್ಲಿ ತಾನೇ ಒಂದು ತಾಲ್ಲೂಕಾಯಿತು. ಇಷ್ಟೆಲ್ಲ ಆದರೂ ಚನ್ನಗಿರಿಯ ಕೆರೆ ಇದ್ದಲ್ಲಿಂದ ಒಂದು ಗೇಣು ಸರಿಯಲಿಲ್ಲ. ಅದನ್ನು ಸೂಳೆಕೆರೆಯೆಂದರೂ ಶಾಂತಿಸಾಗರವೆಂದರೂ ನೀರು ಅದೇ. ಹೊನ್ನಾಳಿಯ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯು ತನ್ನ ಪಾತ್ರವನ್ನು ಬದಲಿಸಲಿಲ್ಲ. ಆದರೆ ಕಾಗದಪತ್ರಗಳನ್ನು ಹಿಡಿದು ಕಚೇರಿಗೆ ಹೋಗುವ ರೈತನ ದಾರಿ ಮಾತ್ರ ಬದಲಾಯಿತು. ಪಟ್ಟಿಯು ವಸ್ತುವಿನ ಸ್ವರೂಪವನ್ನು ಮುಟ್ಟಲಾರದು. ವಸ್ತುವಿನೊಡನೆ ಲೋಕವು ನಡೆದುಕೊಳ್ಳುವ ರೀತಿಯನ್ನು ಅದು ಬದಲಿಸಬಲ್ಲದು. ಹೆಸರಿಡುವವನ ಹೊಣೆ ಹುಟ್ಟುವುದು ಇಲ್ಲಿಯೇ.

ಇನ್ನು ಸಂಖ್ಯೆಯಿಂದ ವರ್ಗಕ್ಕೆ ಬರೋಣ. ಸುರುಳಿಯ ಆಕಾರವನ್ನು ಮೊದಲು ಕಂಡವನು ಐರ್ಲೆಂಡಿನ ರಾಸ್ ಪ್ರಭು. 1845ರಲ್ಲಿ ತನ್ನ ದೊಡ್ಡ ದೂರದರ್ಶಕದಿಂದ ಅವನು ಮೆಸ್ಸಿಯೆಯ 51ನೆಯ ವಸ್ತುವಿನಲ್ಲಿ ಸುಳಿಯನ್ನು ಕಂಡನು. ದೇವಯಾನಿಯ ಸುರುಳಿಯನ್ನು ಐಸಾಕ್ ರಾಬರ್ಟ್ಸ್ ಎಂಬವನು 1888ರಲ್ಲಿ ಛಾಯಾಚಿತ್ರದಲ್ಲಿ ಹಿಡಿದನು. ಹಿಡಿದವನು ಅದನ್ನು ಹೊಸದಾಗಿ ರೂಪುಗೊಳ್ಳುತ್ತಿರುವ ಒಂದು ಸೌರವ್ಯೂಹವೆಂದು ತಿಳಿದನು. ಆಗ ಇಂತಹವುಗಳನ್ನೆಲ್ಲ ಸುರುಳಿ ನೀಹಾರಿಕೆಗಳೆಂದು ಕರೆದು, ಅನಿಲದ ಮೋಡಗಳ ಜೊತೆಯಲ್ಲಿಯೇ ಎಣಿಸುತ್ತಿದ್ದರು. ಅವು ನಮ್ಮ ಆಕಾಶಗಂಗೆಯ ಒಳಗಿವೆಯೊ ಹೊರಗಿವೆಯೊ ಎಂಬುದರ ಮೇಲೆ 1920ರಲ್ಲಿ ಅಮೆರಿಕೆಯ ವಿದ್ವಾಂಸರು ಬಹಿರಂಗವಾಗಿ ವಾದಿಸಿದರು, ನಿರ್ಣಯವಾಗಲಿಲ್ಲ.

ನಿರ್ಣಯವು ಬಂದದ್ದು ಒಂದು ಗೀಟಿನಿಂದ. 1923ರ ಅಕ್ಟೋಬರ್ ತಿಂಗಳಲ್ಲಿ ಎಡ್ವಿನ್ ಹಬಲ್ ಎಂಬ ಖಗೋಳಜ್ಞನು ಮೌಂಟ್ ವಿಲ್ಸನ್ ಪರ್ವತದ 100 ಅಂಗುಲದ ದೂರದರ್ಶಕದಿಂದ ದೇವಯಾನಿಯ ಚಿತ್ರವನ್ನು ಗಾಜಿನ ಫಲಕದ ಮೇಲೆ ತೆಗೆದನು. ಅದರಲ್ಲಿ ಹೊಸದಾಗಿ ಬೆಳಗಿದಂತೆ ತೋರಿದ ಚುಕ್ಕೆಗಳ ಬಳಿ, ಅವು ನೋವಾ ಎಂಬ ಸಿಡಿಯುವ ನಕ್ಷತ್ರಗಳೆಂದು ಭಾವಿಸಿ, ಎನ್ ಎಂಬ ಅಕ್ಷರವನ್ನು ಬರೆದನು. ಬಳಿಕ ಹಳೆಯ ಫಲಕಗಳೊಡನೆ ಹೋಲಿಸಿದಾಗ ಅವುಗಳಲ್ಲೊಂದು ನಿಯತವಾಗಿ ಏರಿಳಿಯುವ ಬೆಳಕುಳ್ಳ ನಕ್ಷತ್ರವೆಂದು ತಿಳಿಯಿತು. ಕೂಡಲೇ ತಾನು ಬರೆದ ಎನ್ ಅಕ್ಷರವನ್ನು ಹೊಡೆದುಹಾಕಿ, ಬದಲಾಗುವ ನಕ್ಷತ್ರವೆಂಬ ಅರ್ಥದ ಪದವನ್ನು ಅದರ ಬಳಿ ಬರೆದನು. ಅಂತಹ ನಕ್ಷತ್ರಗಳ ಏರಿಳಿತದ ಅವಧಿಯಿಂದ ಅವುಗಳ ನಿಜವಾದ ಕಾಂತಿಯನ್ನು ತಿಳಿಯಬಹುದೆಂಬುದನ್ನು ಹೆನ್ರಿಯೆಟ್ಟಾ ಲೆವಿಟ್ ಎಂಬ ಸ್ತ್ರೀಯು ಹಾರ್ವರ್ಡ್ ವೀಕ್ಷಣಾಲಯದಲ್ಲಿ ಅಲ್ಪ ವೇತನಕ್ಕೆ ಫಲಕಗಳನ್ನು ಎಣಿಸುವ ಕಾಯಕದಲ್ಲಿದ್ದುಕೊಂಡೇ 1912ರ ವೇಳೆಗೆ ತೋರಿಸಿಕೊಟ್ಟಿದ್ದಳು. ಆ ಸೂತ್ರದಿಂದ ಲೆಕ್ಕ ಹಾಕಿದಾಗ ದೇವಯಾನಿಯು ಆಕಾಶಗಂಗೆಯಾಚೆಗಿನ ಮತ್ತೊಂದು ಜಗತ್ತೆಂಬುದು ಸಿದ್ಧವಾಯಿತು. ಹಬಲ್ ಕಂಡುಕೊಂಡ ದೂರವು ಇಂದಿನ ಲೆಕ್ಕಕ್ಕಿಂತ ಬಹಳ ಕಡಿಮೆಯೇ ಆಗಿದ್ದರೂ ವಾದವು ಮುಗಿಯಿತು. ಮನುಷ್ಯನು ತಿಳಿದ ವಿಶ್ವವು ಅಷ್ಟು ವಿಸ್ತಾರವಾದದ್ದು ಒಬ್ಬನು ತಾನೇ ಬರೆದ ಒಂದು ಅಕ್ಷರದ ಮೇಲೆ ತಾನೇ ಗೀಟೆಳೆದುದರಿಂದ.

ಅದೇ ಹಬಲ್ 1926ರಲ್ಲಿ ಗೆಲಾಕ್ಸಿಗಳನ್ನು ಆಕಾರದಿಂದ ವಿಂಗಡಿಸಿದನು. ಮೊಟ್ಟೆಯಂತೆ ನುಣುಪಾದವು ಒಂದು ಬಗೆ, ಸುರುಳಿಗಳು ಇನ್ನೊಂದು, ಕ್ರಮವಿಲ್ಲದವು ಮತ್ತೊಂದು. ಸುರುಳಿಗಳಲ್ಲಿ ನಡುಗಡ್ಡೆ ದೊಡ್ಡದಾಗಿ ತೋಳುಗಳು ಬಿಗಿಯಾಗಿ ಸುತ್ತಿಕೊಂಡವು ಎಸ್-ಎ, ನಡುವಣವು ಎಸ್-ಬಿ, ನಡುಗಡ್ಡೆ ಚಿಕ್ಕದಾಗಿ ತೋಳುಗಳು ಸಡಿಲವಾಗಿ ಹರಡಿಕೊಂಡವು ಎಸ್-ಸಿ. ನಡುವೆ ಅಡ್ಡಪಟ್ಟಿಯುಳ್ಳವುಗಳಿಗೆ ಬೇರೊಂದು ಸಾಲು. ಮುಂದೆ 1936ರ ಗ್ರಂಥದಲ್ಲಿ ಅವನು ಬರೆದ ಚಿತ್ರವು ನಮ್ಮ ರೈತರ ಕವೆಗೋಲಿನಂತೆ ಒಂದು ಹಿಡಿಯಿಂದ ಎರಡಾಗಿ ಒಡೆಯುತ್ತದೆ. ಕವಲೊಡೆಯುವಲ್ಲಿ ತೋಳುಗಳಿಲ್ಲದ ತಟ್ಟೆಯಂತಹ ಗೆಲಾಕ್ಸಿಗಳು ಕುಳಿತಿವೆ. ದೇವಯಾನಿಗೆ ಎಸ್-ಬಿ ಎಂಬ ಸ್ಥಾನ ದೊರೆಯಿತು. 1959ರಲ್ಲಿ ದ ವೋಕುಲೇರ್ ಎಂಬ ವಿದ್ವಾಂಸನು, ಅಡ್ಡಪಟ್ಟಿ ಉಂಟು ಅಥವಾ ಇಲ್ಲ ಎಂದು ಎರಡೇ ಮಾಡುವುದು ಸರಿಯಲ್ಲ, ನಡುವೆ ಬೆರಕೆಯಾದವು ಬಹಳ ಇವೆಯೆಂದು ತೋರಿಸಿ ಅವಕ್ಕೂ ಸ್ಥಳಕೊಟ್ಟನು. ಗೆರೆಗಳು ನಮ್ಮವು, ಆಕಾಶದಲ್ಲಿರುವುದು ಎಡೆಬಿಡದ ಪ್ರವಾಹ.

ನ್ಯಾಯಶಾಸ್ತ್ರವನ್ನು ಓದಿದವರಿಗೆ ಇದು ಪರಿಚಿತವಾದ ಮಾತು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಪಾಠಮಾಡುವಾಗ ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳಿಕೊಡುತ್ತಾರೆ. ಹಸು ಯಾವುದೆಂದರೆ ಕಪಿಲವರ್ಣದ್ದು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಬರುತ್ತದೆ, ಇದು ಅತಿವ್ಯಾಪ್ತಿ. ಒಂಟಿಗೊರಸಿನದು ಎಂದರೆ ಯಾವ ಹಸುವಿಗೂ ಹೊಂದದು, ಇದು ಅಸಂಭವ. ಲಕ್ಷಣವು ಲಕ್ಷ್ಯಕ್ಕೆ ಹೊಂದದಿದ್ದಾಗ ತಿದ್ದಬೇಕಾದುದು ಲಕ್ಷಣವನ್ನು, ಹಸುವನ್ನಲ್ಲ. ಗುರುಗಳ ಬಳಿ ಇದನ್ನು ಕಂಠಪಾಠ ಮಾಡಿದವರೂ ಬಾಳಿನಲ್ಲಿ ಹಸುವನ್ನೇ ತಿದ್ದಹೊರಡುವುದುಂಟು. ಹಾಗೆ ಹೊರಟವರಲ್ಲಿ ನಾವೂ ಒಬ್ಬರೆಂಬುದನ್ನು ಮುಂದೆ ನಿವೇದಿಸುತ್ತೇವೆ.

ಲಕ್ಷಣವು ನಿರ್ದುಷ್ಟವಾಗಿದ್ದರೂ ನೋಡುವವನ ದೋಷ ಉಳಿಯುತ್ತದೆ. ಮೊದಲನೆಯದಾಗಿ, ನಿಂತ ನೆಲೆ. ತಟ್ಟೆಯಂತಿರುವ ಸುರುಳಿಯನ್ನು ಮೇಲಿನಿಂದ ಕಂಡರೆ ತೋಳುಗಳು ಕಾಣುತ್ತವೆ. ಅಂಚಿನಿಂದ ಕಂಡರೆ ಒಂದು ಗೆರೆ ಮಾತ್ರ ಕಾಣುತ್ತದೆ. ದೇವಯಾನಿಯು ನಮಗೆ ಬಹಳ ಓರೆಯಾಗಿ ವಾಲಿರುವುದರಿಂದಲೇ ಅದರ ತೋಳುಗಳನ್ನು ಎಣಿಸುವುದು ಇಂದಿಗೂ ಕಷ್ಟ. ಎರಡನೆಯದಾಗಿ, ನೋಡುವ ಬೆಳಕು. 2015ರ ಸೆಪ್ಟೆಂಬರ್ 28ರಂದು ಆಕಾಶಕ್ಕೇರಿದ ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ನೇರಳಾತೀತ ಕಿರಣಗಳ ದೂರದರ್ಶಕವೊಂದಿದೆ. ಅದನ್ನು ಜೋಡಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು, ಹೊಸಕೋಟೆಯ ತಮ್ಮ ಕೇಂದ್ರದಲ್ಲಿ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ದೂರದರ್ಶಕವನ್ನು ಉಪಗ್ರಹಸಂಪರ್ಕದ ಮೂಲಕ ನಡೆಸುವುದೂ ಆ ಹೊಸಕೋಟೆಯಿಂದಲೇ. ಕಣ್ಣು ಹಿಮಾಲಯದಲ್ಲಿ, ಕೈ ಕನ್ನಡನಾಡಿನಲ್ಲಿ! ಆಸ್ಟ್ರೋಸ್ಯಾಟ್ ದೇವಯಾನಿಯನ್ನೂ ನೋಡಿದೆ. ನೇರಳಾತೀತದಲ್ಲಿ ಎಳೆಯ ನಕ್ಷತ್ರಗಳಿರುವ ತೋಳುಗಳೂ ಬಳೆಗಳೂ ಎದ್ದು ಕಾಣುತ್ತವೆ. ಅವರಕ್ತ ಕಿರಣಗಳಲ್ಲಿ ಹಳೆಯ ನಕ್ಷತ್ರಗಳ ನಡುಗಡ್ಡೆ ಎದ್ದು ಕಾಣುತ್ತದೆ. ಅಡ್ಡಪಟ್ಟಿಯಿಲ್ಲದ್ದೆಂದು ವರ್ಗಕ್ಕೆ ಸೇರಿಸಿದ ದೇವಯಾನಿಯ ನಡುವೆಯೂ ಅಡ್ಡಪಟ್ಟಿ ಅಡಗಿದೆಯೆಂದು ಅಂತಹ ಅವರಕ್ತ ಚಿತ್ರಗಳ ಆಧಾರದಿಂದ 2006ರಲ್ಲಿ ವಿದ್ವಾಂಸರು ವಾದಿಸಿದರು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. 2007ರಲ್ಲಿ ಗೆಲಾಕ್ಸಿ ಜೂ ಎಂಬ ಹೆಸರಿನಲ್ಲಿ, ಸುಮಾರು ಒಂಬತ್ತು ಲಕ್ಷ ಗೆಲಾಕ್ಸಿಗಳ ಚಿತ್ರಗಳನ್ನು ಜನಸಾಮಾನ್ಯರ ಮುಂದಿಟ್ಟು ವಿಂಗಡಿಸಲು ಕೋರಿದರು. ಶಿಕ್ಷಕರು, ಗೃಹಿಣಿಯರು, ವಿದ್ಯಾರ್ಥಿಗಳು, ಲಕ್ಷಕ್ಕೂ ಮೀರಿದ ಜನ ವೇತನವಿಲ್ಲದೆ ದುಡಿದರು. ಅವರ ಎಣಿಕೆಯಂತೆ ಎಡಕ್ಕೆ ಸುತ್ತುವ ಸುರುಳಿಗಳು ಬಲಕ್ಕೆ ಸುತ್ತುವವುಗಳಿಗಿಂತ ಹೆಚ್ಚಾಗಿದ್ದವು. ವಿಶ್ವಕ್ಕೆ ಎಡಬಲಗಳ ಪಕ್ಷಪಾತವುಂಟೆ ಎಂದು ವಿಜ್ಞಾನಿಗಳು ಬೆರಗಾದರು. ಆದರೆ ಅವರು ಆತುರಪಡಲಿಲ್ಲ. ಅದೇ ಚಿತ್ರಗಳಲ್ಲಿ ಕೆಲವನ್ನು ಕನ್ನಡಿಯಲ್ಲಿ ಕಾಣುವಂತೆ ಎಡಬಲ ತಿರುಗಿಸಿ ಮತ್ತೆ ಜನರಿಗೆ ತೋರಿಸಿದರು. ದೋಷವು ಆಕಾಶದಲ್ಲಿದ್ದರೆ ಈಗ ಬಲಸುತ್ತಿನವು ಹೆಚ್ಚಾಗಬೇಕಾಗಿತ್ತು. ಆದರೆ ಈಗಲೂ ಎಡಸುತ್ತಿನವೇ ಹೆಚ್ಚಾಗಿ ಬಂದವು. ಪಕ್ಷಪಾತವಿದ್ದುದು ನೋಡುವ ಕಣ್ಣಿನಲ್ಲಿ. ಒಳ್ಳೆಯವರು, ನಿಸ್ವಾರ್ಥಿಗಳು, ಯಾರಿಗೂ ಕೇಡನ್ನು ಬಯಸದವರು, ಅವರೆಲ್ಲರ ಕಣ್ಣೂ ತಿಳಿಯದೆಯೇ ಒಂದು ಕಡೆಗೆ ವಾಲಿತ್ತು.

ಓದುಗರೇ, ಇನ್ನು ಮನೆಗೆ ಹಿಂದಿರುಗೋಣ. ಚನ್ನಗಿರಿ ಕಡೆಯ ಮನೆಗಳ ಅಂಗಳದಲ್ಲಿ ಸುಲಿದು ಬೇಯಿಸಿ ಒಣಗಿಸಿದ ಅಡಿಕೆಯನ್ನು ಹೆಂಗಸರು ರಾಶಿ, ಬೆಟ್ಟೆ, ಗೊರಬಲು ಎಂದು ಆರಿಸಿ ಬೇರೆ ಮಾಡುವುದನ್ನು ನೀವು ಕಂಡಿರಬಹುದು. ಆ ವಿಂಗಡಣೆ ನ್ಯಾಯವಾದುದೇ. ಗೊರಬಲೆಂದು ಕರೆಸಿಕೊಂಡ ಅಡಿಕೆಗೆ ಕಿವಿಯಿಲ್ಲ. ಅದು ತಲೆ ತಗ್ಗಿಸುವುದಿಲ್ಲ. ಎಸ್-ಸಿ ಎಂದು ಕರೆಸಿಕೊಂಡ ಗೆಲಾಕ್ಸಿಗೂ ಕಿವಿಯಿಲ್ಲ. ಮನುಷ್ಯನಿಗೆ ಕಿವಿಯುಂಟು. ನಾವು ಇಟ್ಟ ಹೆಸರನ್ನು ಕೇಳಿ ಅವನು ಅದರಂತೆಯೇ ಆಗತೊಡಗುತ್ತಾನೆ. ಇದು ಮನುಷ್ಯರನ್ನು ವಿಂಗಡಿಸುವವನಿಗೆ ಮಾತ್ರ ಇರುವ ಭಾರ.

ಇಲ್ಲಿ ನಮ್ಮ ಒಂದು ತಪ್ಪನ್ನು ಮುಚ್ಚಿಡದೆ ಹೇಳಬೇಕು. ಮಠದ ಪ್ರಸಾದನಿಲಯಕ್ಕೆ ಜ್ಯೇಷ್ಠಮಾಸದಲ್ಲಿ ಮಕ್ಕಳು ಸೇರುವಾಗ ಒಬ್ಬೊಬ್ಬರನ್ನೂ ಕರೆದು ನಾಲ್ಕು ಪ್ರಶ್ನೆ ಕೇಳಿ, ದಾಖಲೆ ಪುಸ್ತಕದಲ್ಲಿ ಹೆಸರಿನ ಮುಂದೆ ಚುರುಕು, ಸಾಧಾರಣ, ಮಂದ ಎಂದು ಒಂದು ಪದ ಬರೆಯುವ ವಾಡಿಕೆ ನಮಗೆ ಬಹುಕಾಲ ಇತ್ತು. ಪಾಠ ಹೇಳುವವರಿಗೆ ಅನುಕೂಲವಾಗಲೆಂಬುದೇ ಉದ್ದೇಶ. ಒಂದು ಬರಗಾಲದ ವರ್ಷ ಜಗಳೂರು ಕಡೆಯ ಹಳ್ಳಿಯಿಂದ ಒಬ್ಬ ಹುಡುಗ ಬಂದನು. ತಂದೆತಾಯಿಗಳು ಕೂಲಿಗಾಗಿ ಗುಳೆ ಹೋಗುವವರು. ಅವರ ಹಿಂದೆ ಅಲೆದು ಹುಡುಗ ಮೂರು ಶಾಲೆ ಬದಲಿಸಿದ್ದನು. ನಮ್ಮ ನಾಲ್ಕು ಪ್ರಶ್ನೆಗಳಿಗೂ ಅವನು ಬಾಯಿ ಬಿಡಲಿಲ್ಲ. ನಾವು ಮಂದ ಎಂದು ಬರೆದೆವು.

ಆ ಕಾರ್ತಿಕದಲ್ಲಿ ಒಂದು ರಾತ್ರಿ ಮಕ್ಕಳನ್ನು ಮಠದ ಮಾಳಿಗೆಯ ಮೇಲೆ ಕರೆದುಕೊಂಡು ಹೋಗಿ ನಕ್ಷತ್ರಗಳನ್ನು ತೋರಿಸುತ್ತಿದ್ದೆವು. ದೇವಯಾನಿಯ ಆ ಮಸುಕನ್ನು ಹುಡುಕಲು ನಮಗೇ ಆಗಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರೂ ದೊರೆಯಲಿಲ್ಲ. ಹಿಂದೆ ನಿಂತಿದ್ದ ಆ ಹುಡುಗನು ಕೈ ನೀಡಿ, “ಅಲ್ಲೈತಿ ನೋಡ್ರಿ ಬುದ್ಧೀ, ಅದು ಚುಕ್ಕಿ ಅಲ್ಲ, ಒರೆಸಿದಂಗೈತಿ” ಎಂದನು. ಹೌದು, ಅದೇ. ಬಯಲಿನಲ್ಲಿ ಮಲಗಿ ಬೆಳೆದ ಹುಡುಗ. ಮೊನಚಾದ ಚುಕ್ಕೆಗೂ ಹರಡಿದ ಬೆಳಕಿಗೂ ಇರುವ ಭೇದವನ್ನು ಯಾರೂ ಕಲಿಸದೆ ಗುರುತಿಸಿದ್ದನು. ಖಗೋಳಶಾಸ್ತ್ರದ ಮೊದಲ ಪಾಠವೇ ಅದು. ಶಭಾಷ್ ಎಂದೆವು, ಬೆನ್ನು ತಟ್ಟಿದೆವು. ಆದರೆ ಕೆಳಗಿಳಿದು ಬಂದು ದಾಖಲೆ ಪುಸ್ತಕವನ್ನು ತೆರೆಯಲಿಲ್ಲ. ನಾಳೆ ನೋಡಿದರಾಯಿತೆಂದುಕೊಂಡೆವು. ಜಾತ್ರೆಯ ಕೆಲಸ ಬಂತು, ಪರೀಕ್ಷೆ ಬಂತು. ಬೇಸಗೆಯಲ್ಲಿ ಹುಡುಗನು ತಂದೆತಾಯಿಗಳೊಡನೆ ಕಾಫಿ ತೋಟದ ಕೂಲಿಗೆ ಹೋದನು. ಶಾಲೆ ತೆರೆದಾಗ ಮರಳಲಿಲ್ಲ. ಬಾರದ ಮಕ್ಕಳಲ್ಲಿ ಯಾರಿಗೆ ಆಳು ಕಳುಹಿಸಿ ಕರೆಸಬೇಕೆಂದು ನಿಲಯದವರು ದಾಖಲೆಯನ್ನು ತೆರೆದು ನೋಡಿದರು. ಅಲ್ಲಿ ನಮ್ಮ ಕೈಬರಹದಲ್ಲಿಯೇ ಒಂದು ಪದವಿತ್ತು. ಯಾರನ್ನೂ ಕಳುಹಿಸಲಿಲ್ಲ.

ತಿಂಗಳುಗಳ ಮೇಲೆ ಈ ಸಂಗತಿ ತಿಳಿದಾಗ ನಾವು ಆ ಪದದ ಮೇಲೆ ಗೀಟೆಳೆದೆವು. ಹಬಲ್ ಎಳೆದ ಗೀಟು ಸಕಾಲದ್ದು; ನಮ್ಮದು ಅಕಾಲದ್ದು. ಆಮೇಲೆ ಹುಡುಕಿಸಿದೆವು, ಹುಡುಗನು ದೊರೆಯಲಿಲ್ಲ. ಅಂದಿನಿಂದ ಆ ವಾಡಿಕೆಯನ್ನು ನಿಲ್ಲಿಸಿದ್ದೇವೆ. ಅದರಿಂದ ಆ ಹುಡುಗನಿಗೆ ಏನೂ ಆಗಲಿಲ್ಲವೆಂಬುದನ್ನೂ ಬಲ್ಲೆವು.

ಹಾಗಾದರೆ ವಿಂಗಡಣೆಯನ್ನೇ ಬಿಟ್ಟುಬಿಡಬೇಕೆ? ಎಲ್ಲವೂ ಶಿವಮಯ, ಭೇದವೆಲ್ಲ ಮಿಥ್ಯೆ ಎಂದು ಪಟ್ಟಿಗಳನ್ನೆಲ್ಲ ಹರಿದುಹಾಕಬೇಕೆ? ಈ ಮಾತು ಕೇಳಲು ಇಂಪು. ಆದರೆ ಇದರಲ್ಲಿ ಒಂದು ವಂಚನೆಯುಂಟು. ಬರಪೀಡಿತ ಹಳ್ಳಿಗಳ ಪಟ್ಟಿಯಿಲ್ಲದಿದ್ದರೆ ಪರಿಹಾರ ಯಾರಿಗೆ ತಲಪಬೇಕು? ಶತಮಾನಗಳ ಕಾಲ ತುಳಿತಕ್ಕೊಳಗಾದವರ ಪಟ್ಟಿಯಿಲ್ಲದಿದ್ದರೆ ಅವರಿಗೆ ನ್ಯಾಯವನ್ನು ಹೇಗೆ ಅಳೆಯಬೇಕು? ಭೇದವೇ ಇಲ್ಲವೆನ್ನುವುದು ಅನೇಕವೇಳೆ ಭೇದದಿಂದ ಲಾಭಪಡೆದವನ ಮಾತಾಗಿರುತ್ತದೆ. ಮೆಸ್ಸಿಯೆ, ಹರ್ಷೆಲ್, ಹಬಲ್ ಇವರ ವಿಂಗಡಣೆಯಿಲ್ಲದಿದ್ದರೆ ದೇವಯಾನಿಯು ಇಂದಿಗೂ ಪುಟ್ಟ ಮೋಡವೇ ಆಗಿರುತ್ತಿತ್ತು.

ನಮ್ಮ ಶರಣಧರ್ಮವೂ ವಿಂಗಡಣೆಯನ್ನು ಬಿಡಲಿಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲವು ವಿಂಗಡಣೆಯಲ್ಲದೆ ಮತ್ತೇನು? ಆದರೆ ಸ್ಥಲಕ್ಕೂ ಜಾತಿಗೂ ಇರುವ ಅಂತರವನ್ನು ನೋಡಿರಿ. ಜಾತಿಯು ಹುಟ್ಟಿದಾಗ ಬರೆದು ಚಟ್ಟದವರೆಗೆ ತಿದ್ದದ ದಾಖಲೆ. ಸ್ಥಲವು ಸಾಧಕನು ನಿಂತು ಮುಂದೆ ಸಾಗುವ ಮೆಟ್ಟಿಲು. ಭಕ್ತಸ್ಥಲದಲ್ಲಿರುವವನು ಕೀಳಲ್ಲ, ಅವನು ದಾರಿಯಲ್ಲಿದ್ದಾನೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ ಎಂಬ ಹೆಸರುಗಳಲ್ಲಿ ಹಳೆಯ ಗುರುತುಗಳು ಹಾಗೆಯೇ ಉಳಿದವು. ಬಸವಾದಿ ಶರಣರು ಅವನ್ನು ಅಳಿಸಲಿಲ್ಲ. ಅವುಗಳ ಅರ್ಥವನ್ನೇ ಬದಲಿಸಿದರು. ಅವಮಾನದ ಗುರುತಾಗಿದ್ದ ಪದಗಳು ಕಾಯಕದ ಬಿರುದುಗಳಾದವು. ಇಂತಹ ಪರಂಪರೆಯ ವಾರಸುದಾರರಾದ ನಾವು ಇಂದು ಮಠದ ಪಡಸಾಲೆಯಲ್ಲಿಯೇ ಕುಳಿತು, ಕನ್ಯೆ ನೋಡುವಾಗ ಒಳಪಂಗಡ ಯಾವುದೆಂದು ಪಿಸುಮಾತಿನಲ್ಲಿ ಕೇಳುತ್ತೇವೆ. ಕೇಳಿದ್ದನ್ನು ಕಂಡೂ ಸುಮ್ಮನಿರುವ ನಮ್ಮಂತಹ ಸ್ವಾಮಿಗಳ ಪಾಲೂ ಅದರಲ್ಲಿದೆ.

ಮಳೆಗಾಲದಲ್ಲಿ ಹೊನ್ನಾಳಿಯ ಸೇತುವೆಯ ಮೇಲೆ ನಿಂತು ತುಂಗಭದ್ರೆಯನ್ನು ನೋಡಿರಿ. ಕಂಬದ ಬಳಿ ಒಂದು ಸುಳಿ ನಿಂತಂತೆ ಕಾಣುತ್ತದೆ. ಆದರೆ ಅದರೊಳಗಿನ ನೀರು ಕ್ಷಣಕ್ಷಣಕ್ಕೂ ಬೇರೆ. ಗೆಲಾಕ್ಸಿಯ ತೋಳುಗಳನ್ನು ಕುರಿತು ಲಿನ್ ಮತ್ತು ಶೂ ಎಂಬ ವಿದ್ವಾಂಸರು 1964ರಲ್ಲಿ ಕೊಟ್ಟ ವಿವರಣೆಯೂ ಇದಕ್ಕೆ ಸಮೀಪವಾದುದೇ: ತೋಳು ಒಂದು ಅಲೆ, ನಕ್ಷತ್ರಗಳು ಅದರೊಳಗೆ ಬಂದು ಹಾದು ಹೋಗುತ್ತವೆ. ನಮ್ಮ ಸೂರ್ಯನೂ ಸುಮಾರು 23 ಕೋಟಿ ವರ್ಷಗಳಿಗೊಮ್ಮೆ ಆಕಾಶಗಂಗೆಯನ್ನು ಸುತ್ತುತ್ತ ಹೀಗೆಯೇ ಹಾಯುತ್ತಾನೆ. ಈ ನಕ್ಷತ್ರ ಈ ತೋಳಿನದು ಎಂದರೆ, ಈಗ ಇಲ್ಲಿದೆ ಎಂದಷ್ಟೇ ಅರ್ಥ. ಮಂದನೆಂದು ಬರೆದ ಹುಡುಗನ ವಿಷಯದಲ್ಲಿಯೂ ನಾವು ಬರೆಯಬಹುದಾಗಿದ್ದುದು ಇಷ್ಟೇ: ಇಂದು ಈ ಪ್ರಶ್ನೆಗಳಿಗೆ ಉತ್ತರಿಸಲಿಲ್ಲ.

ವಿಜ್ಞಾನಿಗಳ ಶಬ್ದಗಳೂ ಇಂತಹ ಪಾಠವನ್ನು ಕಲಿತಿವೆ. ಹಬಲ್ ತನ್ನ ಸಾಲಿನ ಒಂದು ತುದಿಯನ್ನು ಪೂರ್ವ ಎಂದೂ ಇನ್ನೊಂದನ್ನು ಉತ್ತರ ಎಂದೂ ಕರೆದನು. ವಿಂಗಡಣೆಯು ಕಂಡದ್ದನ್ನಷ್ಟೇ ಹೇಳುತ್ತದೆ, ವಿಕಾಸವನ್ನಲ್ಲವೆಂದು ಅವನು ಎಚ್ಚರಿಸಿದ್ದರೂ, ಮೊಟ್ಟೆಯಾಕಾರದವು ಮುಂದೆ ಸುರುಳಿಗಳಾಗುತ್ತವೆಂಬ ಭಾವನೆಗೆ ಆ ಪದಗಳೇ ಎಡೆಮಾಡಿದವು. ಇಂದಿನ ತಿಳಿವಳಿಕೆಯಂತೆ ಸುರುಳಿಗಳು ಒಂದನ್ನೊಂದು ಸೇರಿ ಮೊಟ್ಟೆಯಾಕಾರದವು ಹುಟ್ಟುವುದುಂಟು. ವಿಶ್ವದ ಎಳೆತನದಲ್ಲಿ ಅಂದವಾದ ಸುರುಳಿಗಳು ಇರಲಾರವೆಂದು ಎಣಿಸಿದ್ದಾಗ, ವಿಶ್ವಕ್ಕೆ ಸುಮಾರು 150 ಕೋಟಿ ವರ್ಷ ವಯಸ್ಸಾಗಿದ್ದ ಕಾಲದ ಒಂದು ಪೂರ್ಣ ಸುರುಳಿಯನ್ನು ಪುಣೆಯ ಸಂಶೋಧಕರು ಕಂಡು, ಅದಕ್ಕೆ ಅಲಕನಂದಾ ಎಂಬ ನದಿಯ ಹೆಸರಿಟ್ಟುದು 2025ರಲ್ಲಿ ಪ್ರಕಟವಾಯಿತು. ಇನ್ನು ಎಲ್ಲಕ್ಕಿಂತ ಕೊನೆಗೆ ಖಚಿತವಾದದ್ದು ನಮ್ಮದೇ ಆಕಾಶಗಂಗೆಯ ವರ್ಗ. ಅದರ ನಡುವೆ ಅಡ್ಡಪಟ್ಟಿಯಿದೆಯೆಂಬುದಕ್ಕೆ ಬಲವಾದ ಆಧಾರ ದೊರೆತದ್ದು 1990ರ ದಶಕದಲ್ಲಿ. ದೂರದ ಸಾವಿರಾರು ಗೆಲಾಕ್ಸಿಗಳಿಗೆ ಹೆಸರಿಟ್ಟ ಮೇಲೆ ಮನುಷ್ಯನು ತಾನು ವಾಸಿಸುವ ಮನೆಯ ಆಕಾರವನ್ನು ಅರಿತನು, ಒಳಗೆ ಕುಳಿತಿರುವುದರಿಂದ.

ಓದುಗರೇ, ನಿಮ್ಮಲ್ಲಿ ನ್ಯಾಮತಿಯ ಶಾಲೆಯಲ್ಲಿ ಹಾಜರಿ ಪುಸ್ತಕ ಹಿಡಿಯುವವರಿರಬಹುದು, ಕಚೇರಿಯಲ್ಲಿ ಫಲಾನುಭವಿಗಳ ಪಟ್ಟಿ ಬರೆಯುವವರಿರಬಹುದು, ಮನೆಯಲ್ಲಿ ಇಬ್ಬರು ಮಕ್ಕಳನ್ನು ಒಬ್ಬ ಜಾಣ ಒಬ್ಬ ಪೆದ್ದ ಎಂದು ನೆಂಟರ ಮುಂದೆ ಪರಿಚಯಿಸುವವರಿರಬಹುದು. ಬರೆಯಬೇಡಿರೆಂದು ನಾವು ಹೇಳುವುದಿಲ್ಲ. ಯಾವ ನೆಲೆಯಲ್ಲಿ ನಿಂತು ಬರೆದೆವೆಂಬುದನ್ನು ನೆನಪಿಡೋಣ. ಬರೆದುದನ್ನು ಒಮ್ಮೆ ಕನ್ನಡಿಯಲ್ಲಿ ತಿರುಗಿಸಿ ನೋಡೋಣ. ತಪ್ಪೆಂದು ಕಂಡ ರಾತ್ರಿಯೇ, ಮಾಳಿಗೆಯಿಂದ ಇಳಿದು ಬಂದು, ದಾಖಲೆಯನ್ನು ತೆರೆಯೋಣ. ಬೆಳಗಾಗಲಿ ಎಂದು ಕಾಯುವುದು ಬೇಡ.

ಈ ಕಾರ್ತಿಕದಲ್ಲಿ ಮಕ್ಕಳನ್ನು ಕರೆದುಕೊಂಡು ಬಯಲಿಗೆ ಹೋಗಿರಿ. ಆ ಮಸುಕು ಬೆಳಕನ್ನು ನೀವು ತೋರಿಸುವುದಕ್ಕೆ ಮೊದಲು ಅವರನ್ನೇ ಹುಡುಕಲು ಬಿಡಿರಿ. ಹಿಂದೆ ನಿಂತವನಿಗೂ ಜಾಗ ಬಿಡಿರಿ. ಸರಿಯಾಗಿ ಕಾಣುವ ಕಣ್ಣನ್ನೂ, ತಿದ್ದಿಕೊಳ್ಳುವ ಕೈಯನ್ನೂ ಪರಶಿವನು ನಮಗೂ ನಿಮಗೂ ಕರುಣಿಸಲೆಂದು ಪ್ರಾರ್ಥಿಸುತ್ತೇವೆ.